ಹಾಳೆಯ ಬೆನ್ನಿಗೆ ಬರೆಯದ ಮಾತು

ಮಾನ್ವಿ
೧೪–೧೨–೧೯೮೩

ರಾಯಚೂರಿನವರಿಗೆ,

ಎಲ್ಲರೂ ಕ್ಷೇಮವೆಂದು ಮೊದಲ ಸಾಲಿನಲ್ಲೇ ಬರೆಯುವುದು ರೂಢಿ. ಕೂಸು ಕ್ಷೇಮ. ಅವ್ವ ಕ್ಷೇಮ. ನನ್ನದನ್ನು ಈ ಪತ್ರ ಓದಿ ಮುಗಿಸಿ ನೀವೇ ಹೇಳಿ.

ಮೂರು ದಿನದಿಂದ ಈ ಮನೆಯಲ್ಲಿ ನಿಮ್ಮ ಹೆಸರು ಎತ್ತುವ ಹಾಗಿಲ್ಲ. ಭಾನುವಾರ ರಾಯಚೂರಿನ ಬಾಸ್ಕೆಟ್‌ಬಾಲ್ ಫೈನಲ್ ಸೋತು ಬಂದ ಮಾರೆಪ್ಪಣ್ಣ ಚಪ್ಪಲಿ ಬಿಡುವ ಮೊದಲೇ ಅಂಗಳದಿಂದ ಕೂಗಿದ: "ಯವ್ವಾ, ನಿನ್ನ ಅಳಿಯ ನಮ್ಮನ್ನ ದೇವದುರ್ಗದವ್ರಿಗೆ ಒಪ್ಪಿಸಿ ಕುಂತಾನ!"

ಅವನು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ. ಆಟ ಮುಗಿಯಲು ಒಂದು ನಿಮಿಷವೂ ಇರಲಿಲ್ಲ. ಮಾನ್ವಿಯವರು ಒಂದು ಪಾಯಿಂಟ್ ಮುಂದಿದ್ದರು. ಕೋಚ್ ಅಂತ ಬೆಂಚಿನ ಮೇಲೆ ಕುಂತಿದ್ದ ಇವನ ಮೇಲೆ ನೀವು ಟೆಕ್ನಿಕಲ್ ಫೌಲ್ ಊದಿದಿರಿ. ದೇವದುರ್ಗದವನು ಫ್ರೀ ಥ್ರೋ ಎಸೆದ. ಅದು ಬಳೆಗೆ ಬಡಿದು ಹೊರಗೆ ಬಿತ್ತು. ಅಲ್ಲಿಗಾದರೂ ಮುಗಿಯಿತೇ ಅಂದರೆ, ನೀವು ಆ ಚೆಂಡನ್ನು ಎತ್ತಿಕೊಂಡು ನಡುಗೆರೆಯ ತನಕ ನಡೆದು, ದೇವದುರ್ಗದವನ ಕೈಗೇ ಮತ್ತೆ ಕೊಟ್ಟಿರಿ. ಅವರು ಬುಟ್ಟಿಗೆ ಹಾಕಿದರು. ಒಂದು ಪಾಯಿಂಟಿನಿಂದ ಕಪ್ ಹೋಯಿತು.

ಇದು ಎಲ್ಲಿಯ ಕಾಯ್ದೆ? ನಾನೂ ಮೂರು ವರ್ಷ ಕಾಲೇಜಿನ ಟೀಮಿನಲ್ಲಿ ಆಡಿದವಳು. ಫ್ರೀ ಥ್ರೋ ತಪ್ಪಿದರೆ ಎರಡೂ ಕಡೆಯವರು ಬುಟ್ಟಿಯ ಕೆಳಗೆ ಹಾರುತ್ತಾರೆ, ಸಿಕ್ಕವರಿಗೆ ಸೀರುಂಡೆ. ನನ್ನ ಮೇಲೆ ಐದು ಫೌಲ್ ಊದಿ ಆಟದಿಂದ ಹೊರಗೆ ಹಾಕಿದವರು ನೀವು. ಎರಡು ವರ್ಷದ ಮೇಲೆ ಅಕ್ಕಿಕಾಳು ಹಾಕಿಸಿ ಮನೆಯೊಳಗೆ ಕರೆದುಕೊಂಡವರೂ ನೀವು. ಆದ್ದರಿಂದ ನನಗೆ ಗೊತ್ತಿಲ್ಲವೆಂದು ತಿಳಿದು ಏನಾದರೂ ಬರೆದು ಕಳಿಸಬೇಡಿ.

ನಿಮ್ಮ ಜೊತೆಗಿದ್ದ ಇನ್ನೊಬ್ಬ ರೆಫ್ರಿ ದೇವದುರ್ಗದ ಖಾಸಿಂ ಸಾಬರಂತೆ. ಒಬ್ಬ ಮಾನ್ವಿಯ ಅಳಿಯ, ಒಬ್ಬ ದೇವದುರ್ಗದವ, ತಕ್ಕಡಿ ಸಮ ಆಯಿತು ಎಂದು ಸಮಿತಿಯವರು ನಕ್ಕಿದ್ದರಂತೆ. "ಎರಡೂ ತಟ್ಟಿ ಒಂದಾ ಕಡಿ ವಾಲಿದ್ವು" ಅನ್ನುತ್ತಾನೆ ಮಾರೆಪ್ಪಣ್ಣ.

ಅಂಥದ್ದೇನು ಅಂದೆ ಎಂದು ಅವನನ್ನು ಕೇಳಿದೆ. "ನೀರು ಕೊಡ್ರೋ ಅಂದೆ. ನೀರು ಕೇಳಿದ್ರ ಫೌಲ್ ಊದ್ತಾರೇನು?" ಅಂದ. ಸಮಿತಿಗೆ ದೂರು ಬರೆದಿದ್ದಾನೆ. ನನಗೆ ಅನ್ನಿಸುವುದು ಬೇರೆ. ಹೆಂಡತಿಯ ಅಣ್ಣನೆಂದು ಬಿಟ್ಟ ಅನ್ನಿಸಿಕೊಳ್ಳಬಾರದು, ಅದಕ್ಕೇ ಬೇಕೆಂದು ಊದಿದಿರಾ? ನಿಮ್ಮ ಹೆಸರು ತೊಳೆದುಕೊಳ್ಳಲು ನನ್ನ ತವರಿನ ನೀರು ಬಳಸಿದಿರಾ?

ಈ ಭಾನುವಾರ ನಮ್ಮನ್ನು ಕರೆದೊಯ್ಯಲು ಬರುತ್ತೀರಲ್ಲ, ಮುಖ ನೋಡಿ ಹೇಳಿ. ಇಪ್ಪತ್ತಕ್ಕೆ ಕೂಸಿಗೆ ಐದು ತಿಂಗಳು ತುಂಬುತ್ತದೆ. ಐದರೊಳಗೆ ಹೋಗದಿದ್ದರೆ ಏಳಕ್ಕೇ, ಆರರಲ್ಲಿ ಕಳಿಸುವುದಿಲ್ಲ ಎಂಬುದು ಅವ್ವನ ಕಾಯ್ದೆ. ಅದನ್ನು ಯಾವ ರೆಫ್ರಿಯೂ ಬದಲಿಸಲಾರ.

ನಿಮ್ಮ
ಗದ್ದೆಮ್ಮ


ರಾಯಚೂರು
೨೨–೧೨–೧೯೮೩

ಗದ್ದೆಮ್ಮ,

ಭಾನುವಾರದ ವಿಷಯ ನಾನು ಎತ್ತುವುದಿಲ್ಲ. ನಿನ್ನ ಮನಸ್ಸು ನಿನ್ನದು. ಕೂಸಿನ ಜ್ವರ ಇಳಿಯಿತೇ, ಅಷ್ಟು ಬರಿ.

ಕಾಯ್ದೆಯ ವಿಷಯ. ನೀನು ಆಡುವಾಗ ನೋಡಿದ್ದೆಲ್ಲ ಆಟಗಾರರು ಮೈಗೆ ಮೈ ತಾಗಿಸಿದ ಫೌಲು. ಇದು ಬೆಂಚಿನ ಮೇಲಿನವರು ಬಾಯಿಂದ ಮಾಡಿದ ಫೌಲು. ಇದಕ್ಕೆ ಫ್ರೀ ಥ್ರೋ ಎಸೆಯುವಾಗ ಪಕ್ಕದಲ್ಲಿ ಯಾರೂ ಸಾಲುಗಟ್ಟಿ ನಿಲ್ಲುವುದಿಲ್ಲ. ಎಸೆಯುವವನು ಒಬ್ಬನೇ, ಉಳಿದವರೆಲ್ಲ ಹಿಂದೆ. ಬುಟ್ಟಿಗೆ ಬಿದ್ದರೂ ಅಷ್ಟೇ, ಬೀಳದಿದ್ದರೂ ಅಷ್ಟೇ, ಆ ಚೆಂಡು ಅಲ್ಲಿಗೆ ಸತ್ತಿತು. ಆಮೇಲೆ ಎಸೆದ ತಂಡಕ್ಕೇ ಚೆಂಡು. ಸ್ಕೋರ್ ಬರೆಯುವವರ ಮೇಜಿನ ಎದುರುಬದಿಗೆ, ನಡುಗೆರೆಯ ನೇರಕ್ಕೆ, ಹೊರಗೆ ನಿಂತು ಒಳಗೆ ಎಸೆಯಬೇಕು. ಹಾಗೆ ನಿಂತವನ ಒಂದು ಕಾಲು ಗೆರೆಯ ಈಚೆ, ಒಂದು ಆಚೆ. ಅವನು ಯಾವ ಕಡೆಗಾದರೂ ಎಸೆಯಬಹುದು. ಕೆಳಗೆ ಚಿತ್ರ ಬರೆದಿದ್ದೇನೆ.

ಮಾರೆಪ್ಪ ಆಡಿದ ಮಾತು. ಸ್ಕೋರ್ ಶೀಟಿನ ಬೆನ್ನಿಗೆ 'ಅನುಚಿತ ಮಾತು' ಎಂದಷ್ಟೇ ಬರೆದೆ. ಆಡಿದ್ದನ್ನೇ ಬರೆಯಬೇಕು, ಫೆಬ್ರುವರಿ ಇಪ್ಪತ್ತರೊಳಗೆ ಬರೆಯದಿದ್ದರೆ ಫೌಲು ಸುಳ್ಳೆಂದು ತಿಳಿದು ರೆಫ್ರಿಗಳ ಪಟ್ಟಿಯಿಂದ ಹೆಸರು ಹೊಡೆಯುತ್ತೇವೆ ಎಂದು ಸಮಿತಿಯಿಂದ ಪತ್ರ ಬಂದಿದೆ. ಹೊಡೆಯಲಿ. ನಾನು ಬರೆಯುವುದಿಲ್ಲ. ನಿನಗೂ ಹೇಳುವುದಿಲ್ಲ.

ತಾಯಣ್ಣ


ಮಾನ್ವಿ
೪–೧–೧೯೮೪

ರಾಯಚೂರಿನವರಿಗೆ,

ಯಾವ ಜ್ವರ?

ಕೂಸಿನ ಹಣೆ ಮುಟ್ಟಿ ಮುಟ್ಟಿ ನನ್ನ ಅಂಗೈ ಸವೆದಿದೆ. ರಾತ್ರಿ ಅದು ಉಸಿರಾಡುವುದನ್ನು ಎಣಿಸುತ್ತೇನೆ, ಹಗಲು ಎಣಿಸಿದ್ದು ಸರಿಯೋ ತಪ್ಪೋ ಎಂದು ಯೋಚಿಸುತ್ತೇನೆ. ಜ್ವರ ಬಂದಿದ್ದರೆ ನನಗಿಂತ ಮೊದಲು ರಾಯಚೂರಿಗೆ ಹೇಗೆ ತಿಳಿಯಿತು?

ಆ ಭಾನುವಾರ ಕೂಸಿಗೆ ಎರೆದು, ಕಾಡಿಗೆ ತೀಡಿ, ಟ್ರಂಕಿಗೆ ಬೀಗ ಹಾಕಿ ಕಟ್ಟೆಯ ಮೇಲೆ ಕೂತಿದ್ದೆ. ಮಾರೆಪ್ಪಣ್ಣ ಪಾಪ ಸಿಟ್ಟು ನುಂಗಿಕೊಂಡು ಬಸ್ ಸ್ಟ್ಯಾಂಡಿಗೆ ನಿಮ್ಮನ್ನು ಕರೆತರಲು ಹೋಗಿದ್ದ. ಊಟದ ಹೊತ್ತಿಗೆ ಒಬ್ಬನೇ ಬಂದ. "ನಾಕು ಬಸ್ಸು ಬಂದ್ವು ತಂಗೀ. ಕುರ್ಡಿ ಊರವ್ರು ಇಳದ್ರು, ಕುರಿ ಇಳದ್ವು. ನಿನ್ನ ಗಂಡ ಇಳೀಲಿಲ್ಲ." ನಾನು ಟ್ರಂಕಿನ ಬೀಗ ತೆಗೆದೆ.

ಬರಲಿಲ್ಲವೆಂದು ನೇರ ಬರೆದಿದ್ದರೆ ಸಿಟ್ಟಾಗಿ ಸುಮ್ಮನಾಗುತ್ತಿದ್ದೆ. ಆದರೆ ಇಲ್ಲದ ಜ್ವರ ತಂದು ಕೂಸಿನ ಮೈಗೆ ಹಚ್ಚಿದಿರಿ. 'ನಿನ್ನ ಮನಸ್ಸು ನಿನ್ನದು' ಎಂದು ಬೇರೆ. ನನ್ನ ಮನಸ್ಸನ್ನು ನಿಮಗೆ ಯಾರು ಹೇಳಿದರು? ನಿಮ್ಮ ಚಿತ್ರ ಬಲು ಚೆಂದವಿದೆ. ಗೆರೆಗಳೆಲ್ಲ ಸ್ಕೇಲು ಇಟ್ಟು ಎಳೆದವು. ಮಾತು ಮಾತ್ರ ಸೊಟ್ಟ. ಒಂದು ಸುಳ್ಳು ಜ್ವರ ಹುಟ್ಟಿಸಬಲ್ಲವರು ಒಂದು ಸುಳ್ಳು ಫೌಲು ಹುಟ್ಟಿಸಲಾರರೇ?

ಸೀಟಿ ಎಂದರೆ ನಿಮಗೆ ಏನೆಂದು ಬಲ್ಲೆ. ಮದುವೆಯ ದಿನವೂ ಜೇಬಿನಲ್ಲಿತ್ತು. ಹೆಸರು ಹೊಡೆಯಲಿ ಎಂದು ಅಷ್ಟು ಹಗುರವಾಗಿ ಬರೆದಿರಿ ಎಂದರೆ ಒಂದೋ ಆ ಮಾತು ಇಲ್ಲವೇ ಇಲ್ಲ, ಇಲ್ಲವೇ ಅದರಲ್ಲಿ ನಿಮ್ಮದೇ ಏನೋ ಇದೆ.

ಬರೆಯಿರಿ. ಕಾಯುತ್ತೇನೆ. ಆರನೇ ತಿಂಗಳು ಹೇಗೂ ನಡೆದಿದೆ.

ಗದ್ದೆಮ್ಮ


ಮಾನ್ವಿ
೧೭–೧–೧೯೮೪

ದೇವದುರ್ಗದ ಖಾಸಿಂ ಸಾಬರಿಗೆ ನಮಸ್ಕಾರ.

ನಾನು ತಾಯಣ್ಣ ಮಾಸ್ತರರ ಹೆಂಡತಿ. ಮದುವೆಗೆ ಬಂದು ನೀವು ನನಗೆ ಹಿತ್ತಾಳೆಯ ತಂಬಿಗೆ ಕೊಟ್ಟಿದ್ದಿರಿ. ಒಂದು ಪ್ರಶ್ನೆಯಿದೆ. ಬೆಂಚಿನವರ ಮೇಲೆ ಟೆಕ್ನಿಕಲ್ ಫೌಲ್ ಆದಮೇಲೆ ಆಟ ಹೇಗೆ ಮತ್ತೆ ಶುರುವಾಗುತ್ತದೆ? ನಮ್ಮವರು ಏನು ಹೇಳಿದ್ದಾರೆಂದು ನಾನು ಬರೆಯುವುದಿಲ್ಲ. ನೀವೂ ದಯಮಾಡಿ ಅವರನ್ನು ಕೇಳದೆ ಉತ್ತರ ಬರೆಯಿರಿ.

ಎರಡನೆಯದು. ನೀವು ದೇವದುರ್ಗದವರು, ನಿಮ್ಮೂರು ಗೆದ್ದಿದೆ. ಆದರೂ ಕೇಳುತ್ತಿದ್ದೇನೆ. ನಮ್ಮಣ್ಣ ಏನಂದ?

ನಾಲ್ಕನೆಯ ತಾರೀಖು ರಾಯಚೂರಿಗೆ ಬರೆದ ಪತ್ರಕ್ಕೆ ಇನ್ನೂ ಉತ್ತರವಿಲ್ಲ.

ಗದ್ದೆಮ್ಮ


ದೇವದುರ್ಗ
೨೫–೧–೧೯೮೪

ಬೇಟಿ ಗದ್ದೆಮ್ಮನಿಗೆ,

ಖಾಸಿಂ ಸಾಬನ ದುವಾ. ನನ್ನ ಕನ್ನಡ ಅಕ್ಷರ ಕೋಳಿ ಕೆದರಿದ ಹಾಗೆ ಇರುತ್ತವೆ. ನಿಧಾನವಾಗಿ ಓದು.

ಇಬ್ಬರನ್ನು ಬೇರೆ ಬೇರೆ ಕೂಡಿಸಿ ಕೇಳುವುದು ಪೊಲೀಸರ ಪದ್ಧತಿ. ನನಗೆ ನಗು ಬಂತು, ಆದರೆ ಸರಿಯಾಗಿಯೇ ಕೇಳಿದ್ದೀ. ಎಸೆಯುವವನು ಒಬ್ಬ, ಪಕ್ಕಕ್ಕೆ ಯಾರೂ ಇಲ್ಲ. ಬೀಳಲಿ ಬಿಡಲಿ, ಚೆಂಡು ಮತ್ತೆ ಅವರದೇ. ನಡುಗೆರೆಯ ಹೊರಗೆ, ಮೇಜಿನ ಎದುರಿಗೆ, ಗೆರೆಯ ಆಚೆ ಒಂದು ಕಾಲು ಈಚೆ ಒಂದು ಕಾಲು. ಮೂವತ್ತು ವರ್ಷದಿಂದ ಊದುತ್ತಿದ್ದೇನೆ, ಇಂಥ ಫೌಲು ಈ ಕಡೆ ಎರಡೋ ಮೂರೋ ಆಗಿರಬೇಕು. ಆ ಮೈದಾನದಲ್ಲಿ ಕಾಯ್ದೆ ಗೊತ್ತಿದ್ದವರು ನಾನು, ನಿನ್ನ ಗಂಡ, ಇಬ್ಬರೇ. ಗೆದ್ದ ನಮ್ಮೂರವರಿಗೂ ಗೊತ್ತಿರಲಿಲ್ಲ. ಚೆಂಡು ಮತ್ತೆ ಕೈಗೆ ಬಂದಾಗ ಆ ಹುಡುಗ "ನಂಗ್ಯಾಕ್ರೀ ಸರ?" ಅಂದ.

ನಿಮ್ಮಣ್ಣನ ಮಾತು ನಾನೂ ಕೇಳಿದೆ. ಅದು ಮನೆಯ ಮಾತು. ನಿನ್ನ ಗಂಡನೇ ಬರೆಯದಿರುವಾಗ ನಾನು ಬರೆಯಬಾರದು.

ಇನ್ನೊಂದು ಬರೆಯುತ್ತೇನೆ, ಇದಕ್ಕೆ ಕಾಯ್ದೆ ಅಡ್ಡ ಬರುವುದಿಲ್ಲ. ಡಿಸೆಂಬರ್ ಹದಿನೆಂಟು, ಭಾನುವಾರ, ಹನ್ನೊಂದು ಗಂಟೆಯ ಬಸ್ಸಿಗೆ ನಾವಿಬ್ಬರೂ ಮಾನ್ವಿಯಲ್ಲಿ ಇಳಿದೆವು. ಹೆಂಡತಿ ಕೂಸನ್ನು ಕರೆತರಲು ಹೋಗುವಾಗ ಒಬ್ಬ ಹಿರಿಯ ಜೊತೆಗಿರಲಿ ಎಂದು ನನ್ನನ್ನು ಕರೆದಿದ್ದ. ಅವನ ಕೈಯಲ್ಲಿ ಕೂಸಿಗೆಂದು ಕೆಂಪು ಕುಲಾಯಿ ಇತ್ತು. ಸ್ಟ್ಯಾಂಡಿನಲ್ಲೇ ನಿಮ್ಮಣ್ಣ ಎದುರಾದ. "ಕೂಸಿಗೆ ಜ್ವರ. ಆಕಿನಾ ಬರಂಗಿಲ್ಲ ಅಂದಾಳ. ಮಾರಿ ತೋರ್ಸಬ್ಯಾಡ ಅಂದಾಳ. ಹೋಗ್ರಿ" ಅಂದ. ನಾನು ಮನೆಗೆ ಹೋಗಿ ಕೇಳೋಣ ಅಂದೆ. ನಿನ್ನ ಗಂಡ ಒಪ್ಪಲಿಲ್ಲ. "ಆಕಿ ಅಂದಿದ್ರ ಅಂದಾಳ, ಸಾಬರ" ಅಂದ. ಕುಲಾಯಿ ನಿಮ್ಮಣ್ಣನ ಕೈಗೆ ಕೊಟ್ಟು ಅದೇ ಬಸ್ಸು ಹತ್ತಿದ.

ಕುಲಾಯಿ ನಿನಗೆ ಮುಟ್ಟಿತೇ ಬೇಟಿ?

ಖಾಸಿಂ ಸಾಬ್


ಮಾನ್ವಿ
೩೧–೧–೧೯೮೪

ರಾಯಚೂರಿನವರಿಗೆ,

ಕೆಂಪು ಕುಲಾಯಿ ಜೋಳದ ಚೀಲದ ಹಿಂದೆ ಸಿಕ್ಕಿತು. ಕೂಸಿನ ತಲೆ ಬೆಳೆದಿದೆ, ಆಗುವುದಿಲ್ಲ.

ಭಾನುವಾರ ಬೆಳಿಗ್ಗೆ ಅವ್ವ ಕಾಲು ಚಾಚಿ ಕೂತು ಕೂಸಿಗೆ ಎರೆಯುತ್ತಿದ್ದಳು. ಮಾರೆಪ್ಪಣ್ಣ ರೊಟ್ಟಿ ತಿನ್ನುತ್ತಿದ್ದ. ನಾನು ಆ ಕುಲಾಯಿಯನ್ನು ಅವನ ತಾಟಿನ ಪಕ್ಕದಲ್ಲಿಟ್ಟೆ.

"ಯಾರಿಗಣ್ಣಾ ಜ್ವರ ಬಂದಿದ್ದು?"

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಯಾರ ಹೇಳಿದ್ರು? ಆ ಸಾಬನೇನು?"

"ಮೈದಾನದಾಗ ಏನಂದಿ?"

"ನೀರು ಕೇಳ್ದೆ."

"ನಿನ್ನ ಸೊಸಿ ನೀರಾಗ ಅದಾಳ. ಆಕಿನ್ನ ನೋಡಿ ಹೇಳು."

ತಾಟು ಸರಿಸಿದ. ಆಮೇಲೆ ಎದೆಯುಬ್ಬಿಸಿದ. "ಅಂದೆ. ಏನೀಗ? ನಮ್ಮ ಹುಡುಗರ ಮ್ಯಾಲ ಸೀಟಿ ಮ್ಯಾಲ ಸೀಟಿ ಊದಾಕತ್ತಿದ್ದ. 'ಏ ಮಾಸ್ತರಾ, ತಂಗಿ, ಕೂಸು ಇನ್ನಾ ನಮ್ಮನ್ಯಾಗ ಅದಾವ, ನೆಪ್ಪಿರಲಿ. ಇನ್ನೊಂದು ಸಲ ಊದಿದಿ ಅಂದ್ರ ಕಳ್ಸಂಗಿಲ್ಲ' ಅಂದೆ. ಆಟದಾಗ ಬಾಯಿ ಜಾರ್ತದ."

ಅವ್ವ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು. ಕೂಸು ನೀರಿಗಾಗಿ ಕಾಯುತ್ತಾ ಕಾಲು ಬಡಿಯಿತು. "ಎಲೇ ಮಾರ್ಯಾ, ಮನಿ ಮಗಳನ್ನ ಸಾವಿರ ಮಂದಿ ನಡುವ ಒತ್ತಿ ಇಟ್ಟು ಬಂದೀಯೇನಲೇ? ಐದರಾಗ ಹೋಗಬೇಕಾದಾಕಿನ್ನ ಆರಕ್ಕ ತಂದು ಕುಂದ್ರಿಸಿದಿ. ನಾ ಅಳಿಯನ್ನ ಬೈಕೋತ ಕುಂತೀನಿ."

"ಸಾವಿರ ಇಲ್ಲಬೇ. ಇನ್ನೂರು ಮಂದಿ ಇದ್ರು" ಅಂದ ಮಾರೆಪ್ಪಣ್ಣ.

ನಿಮ್ಮ ಮೇಲೆ ಸಂಶಯಪಟ್ಟದ್ದು ತಪ್ಪು ಎಂದು ಬರೆಯಲು ಕೂತೆ. ಆ ಸಾಲು ಬರೆಯುವ ಮೊದಲೇ ಇನ್ನೊಂದು ಹುಟ್ಟಿತು. ಅದನ್ನೂ ಕೇಳಿಬಿಡುತ್ತೇನೆ. ನಿದ್ದೆ ಹೇಗೂ ಇಲ್ಲ.

ಊದಿದರೆ ನಾನೂ ಕೂಸೂ ಬರುವುದಿಲ್ಲವೆಂದು ಅವನು ನಿಮ್ಮ ಮುಖಕ್ಕೇ ಹೇಳಿದ. ನೀವು ಊದಿದಿರಿ. ಒಂದು ಆಟ, ಒಂದು ನಿಮಿಷ. ಅದರ ಎದುರಿಗೆ ನಾವಿಬ್ಬರು. ಎಷ್ಟು ಹೊತ್ತು ಯೋಚಿಸಿದಿರಿ? ಮತ್ತೆ ಬಸ್ ಸ್ಟ್ಯಾಂಡಿನಲ್ಲಿ, ನಾನು ಮಾರಿ ತೋರಿಸಬೇಡ ಅಂದೆ ಎಂದರೆ ಅಷ್ಟು ಸುಲಭಕ್ಕೆ ನಂಬಿದಿರಿ. ಮನೆ ಅಲ್ಲಿಂದ ಐದು ನಿಮಿಷದ ದಾರಿ. ನನ್ನ ಸಂಶಯ ಕೆಟ್ಟದ್ದು, ಒಪ್ಪಿದೆ. ನಿಮ್ಮದು?

ಚಿತ್ರ ಬೇಡ. ಮಾತು ಬರೆಯಿರಿ.

ಗದ್ದೆಮ್ಮ


ರಾಯಚೂರು
೭–೨–೧೯೮೪

ಗದ್ದೆಮ್ಮ,

ನಿನ್ನ ನಾಲ್ಕನೆಯ ತಾರೀಖಿನ ಪತ್ರ ಬಂದ ದಿನವೇ ಜ್ವರ ಸುಳ್ಳೆಂದು ತಿಳಿಯಿತು. ಹೇಳಿದರೆ ಆ ಮಾತೂ ಹೊರಗೆ ಬರುತ್ತದೆ. ನೀನು ಕೂಸು ಕಟ್ಟಿಕೊಂಡು ಆ ಮನೆಯಲ್ಲಿದ್ದೀ, ಅಣ್ಣನ ಜೊತೆ ಕೆಟ್ಟರೆ ನಿನಗೆ ಅಲ್ಲಿ ಯಾರು ಎಂದು ಹೆದರಿ, ಬರೆದು ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ. ಬಸ್ ಸ್ಟ್ಯಾಂಡಿನಲ್ಲಿ ನಂಬಿದ್ದು ನನ್ನ ತಪ್ಪು. ಅಷ್ಟು ಹೊತ್ತಿಗೆ ನಾನೇ ನನ್ನ ಮೇಲೆ ತೀರ್ಪು ಕೊಟ್ಟುಕೊಂಡಿದ್ದೆ. ನೀನೂ ಕೊಟ್ಟಿರಬೇಕು ಅನ್ನಿಸಿತು.

ಎಷ್ಟು ಹೊತ್ತು ಯೋಚಿಸಿದೆ ಎಂದು ಕೇಳಿದ್ದೀ. ಊದುವಾಗ ಯೋಚಿಸಲೇ ಇಲ್ಲ. ಸೀಟಿ ಬಾಯಲ್ಲಿತ್ತು, ಉಸಿರು ಹೋಯಿತು. ಅದರ ಮೇಲೆ ಸಂಶಯ ಬೇಡ. ಸಂಶಯ ಪಡುವುದಿದ್ದರೆ ಆಮೇಲಿನದರ ಮೇಲೆ ಪಡು.

ಫ್ರೀ ಥ್ರೋ ಎಸೆಯುವವನಿಗೆ ಚೆಂಡು ಕೊಡುವಾಗ ಬೀಳದಿರಲಿ ಎಂದು ಬೇಡಿಕೊಂಡೆ. ರೆಫ್ರಿ ಹಾಗೆ ಬೇಡಿಕೊಳ್ಳಬಾರದು. ಬೀಳಲಿಲ್ಲ. ಚೆಂಡು ಉರುಳಿ ನನ್ನ ಕಾಲ ಬಳಿಗೇ ಬಂತು. ಅದನ್ನು ಮಾನ್ವಿಯವರ ಕೈಗೆ ಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕಾಯ್ದೆ ಗೊತ್ತಿದ್ದವರು ಖಾಸಿಂ ಸಾಬರೊಬ್ಬರೇ, ಅವರು ನನ್ನ ಮುಖ ನೋಡಿ ಬೇರೆ ಕಡೆ ತಿರುಗಿ ನಿಂತುಬಿಟ್ಟಿದ್ದರು. ಮಾನ್ವಿ ಗೆಲ್ಲುತ್ತಿತ್ತು. ಮಾರೆಪ್ಪ ತೊಟ್ಟಿಲು ಹೊತ್ತು ತಾನೇ ನಿಮ್ಮನ್ನು ಕಳಿಸಿಕೊಡುತ್ತಿದ್ದ.

ಅಲ್ಲಿಂದ ನಡುಗೆರೆಗೆ ಹನ್ನೆರಡು ಹೆಜ್ಜೆ. ಆ ಹನ್ನೆರಡೂ ಹೆಜ್ಜೆ ಯೋಚಿಸುತ್ತಲೇ ನಡೆದೆ. ಮಾನ್ವಿಗೆ ಕೊಟ್ಟರೆ ಮಾರೆಪ್ಪನ ಮಾತು ಕೆಲಸ ಮಾಡುತ್ತದೆಂದು ಅವನಿಗೆ ತಿಳಿಯುತ್ತದೆ. ನಾಳೆ ಇನ್ನೇನಕ್ಕೋ ಅದೇ ಮಾತು, ಕೂಸು ದೊಡ್ಡದಾದ ಮೇಲೂ ಅದೇ ಮಾತು. ಹೀಗೆಲ್ಲ ಈಗ ಚೆಂದವಾಗಿ ಬರೆಯುತ್ತಿದ್ದೇನೆ. ಆಗ ಅರ್ಧ ಇದು ಹೊಳೆದಿತ್ತು, ಅರ್ಧ ಬರೀ ಕಾಲು ನಡೆದವು. ಗೆರೆ ಮುಟ್ಟಿ, ಹುಡುಗನ ಕಾಲು ಆಚೆಗೊಂದು ಈಚೆಗೊಂದು ಇವೆಯೇ ಎಂದು ನೋಡಿ ಚೆಂಡು ಕೊಟ್ಟೆ. ಗೊತ್ತಿದ್ದೇ ಕೊಟ್ಟೆ.

ಆ ಮಾತು ಮಾತ್ರ ಹಾಳೆಗೆ ಹೋಗುವುದು ಬೇಡ. ಸಮಿತಿಯಲ್ಲಿ ಅದು ಹತ್ತು ಕೈ ದಾಟುತ್ತದೆ. ಹತ್ತು ಜನ ನಿನ್ನನ್ನು ಓದುತ್ತಾರೆ. ಸೀಟಿ ಹೋದರೆ ಹೋಗಲಿ.

ತಾಯಣ್ಣ


ಮಾನ್ವಿ
೧೩–೨–೧೯೮೪

ಪಂದ್ಯಾವಳಿ ಸಮಿತಿಯ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ಡಿಸೆಂಬರ್ ಹನ್ನೊಂದರ ಫೈನಲ್ ಆಟದ ಸ್ಕೋರ್ ಶೀಟಿನ ಬೆನ್ನಿಗೆ ರೆಫ್ರಿಯವರು ಬರೆಯದೆ ಬಿಟ್ಟ ಮಾತು ಇದು: "ಏ ಮಾಸ್ತರಾ, ತಂಗಿ, ಕೂಸು ಇನ್ನಾ ನಮ್ಮನ್ಯಾಗ ಅದಾವ, ನೆಪ್ಪಿರಲಿ. ಇನ್ನೊಂದು ಸಲ ಊದಿದಿ ಅಂದ್ರ ಕಳ್ಸಂಗಿಲ್ಲ."

ಆಡಿದವನು ನಮ್ಮಣ್ಣ ಮಾರೆಪ್ಪ. ಅವನ ಬಾಯಿಂದಲೇ ಕೇಳಿ ಬರೆದಿದ್ದೇನೆ. ಜೊತೆಗೆ ಕೇಳಿದ ನಮ್ಮ ತಾಯಿ ಯಮನಮ್ಮನ ಹೆಬ್ಬೆಟ್ಟು ಕೆಳಗಿದೆ. ಈ ಮಾತಿನಲ್ಲಿ ಬರುವ ತಂಗಿ ನಾನು. ಬಿ.ಎ. ಓದಿದ್ದೇನೆ, ನನ್ನ ಮಾತನ್ನು ನಾನೇ ಬರೆಯಬಲ್ಲೆ. ಹತ್ತು ಜನ ಓದಿದರೂ ಚಿಂತೆಯಿಲ್ಲ. ಅಂದು ಇನ್ನೂರು ಜನರ ನಡುವೆ ಆಡಿದ್ದೇ ಆಗಿದೆ.

ಫ್ರೀ ಥ್ರೋ ತಪ್ಪಿದ ಮೇಲೂ ಚೆಂಡನ್ನು ದೇವದುರ್ಗದವರಿಗೇ ಕೊಟ್ಟದ್ದು ಸರಿ. ನಾನು ಇಬ್ಬರನ್ನು ಬೇರೆ ಬೇರೆ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ತಮಗೆ ಸಂಶಯವಿದ್ದರೆ ಕಾಯ್ದೆಯ ಪುಸ್ತಕ ನೋಡಬಹುದು.

ಆಡಿದ ಮಾತನ್ನು ಬರೆಯದೆ ಬಿಟ್ಟದ್ದು ರೆಫ್ರಿಯವರ ತಪ್ಪು. ಇನ್ನೊಂದು ತಪ್ಪೂ ಇದೆ. ಅದು ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ಆದದ್ದು, ಸಮಿತಿಗೆ ಸಂಬಂಧಿಸಿದ್ದಲ್ಲ.

ಗದ್ದೆಮ್ಮ
ಯಮನಮ್ಮನ ಎಡಗೈ ಹೆಬ್ಬೆಟ್ಟು


ಮಾನ್ವಿ
೧೫–೨–೧೯೮೪

ರಾಯಚೂರಿನವರಿಗೆ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಅಂಚೆಯವನೂ ಓದಲಿ, ಮಾರೆಪ್ಪಣ್ಣನೂ ಓದಲಿ. ಸಮಿತಿಗೆ ನಾನೇ ಬರೆದು ಹಾಕಿದೆ. ಸಿಟ್ಟು ಬಂದರೆ ಬರಲಿ.

ಕೂಸಿಗೆ ಏಳು ತುಂಬುವ ಮೊದಲು, ಈ ಭಾನುವಾರ, ಹನ್ನೊಂದರ ಬಸ್ಸಿಗೆ ಹೊರಡುತ್ತೇನೆ. ಯಾರೂ ಕರೆಯಲು ಬರುವುದು ಬೇಡ, ಯಾರೂ ಕಳಿಸುವುದೂ ಬೇಡ. ತೊಟ್ಟಿಲನ್ನು ಬಸ್ಸಿನ ಮೇಲೆ ಹಾಕಿಕೊಡಲು ಮಾರೆಪ್ಪಣ್ಣ ಒಪ್ಪಿದ್ದಾನೆ. ಮಾತಾಡುವುದಿಲ್ಲ, ಹೊರುತ್ತಾನೆ. ರಾಯಚೂರಿನ ಸ್ಟ್ಯಾಂಡಿನಲ್ಲಿ ನೀವು ಇಳಿಸಿಕೊಳ್ಳಿ.

ಬುಟ್ಟಿಯಿಂದ ನಡುಗೆರೆಗೆ ಹನ್ನೆರಡೇ ಹೆಜ್ಜೆ ಎಂದಿರಿ. ನನ್ನ ಲೆಕ್ಕದಲ್ಲಿ ಹದಿನೆಂಟಾದರೂ ಆಗಬೇಕು. ಒಂದು ದಿನ ಮೈದಾನಕ್ಕೆ ಕರೆದೊಯ್ಯಿರಿ, ನಡೆದು ನೋಡುತ್ತೇನೆ.

ಕೂಸಿಗೆ ಹಲ್ಲು ಬರುತ್ತಿವೆ, ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಸೀಟಿ ತನ್ನಿ. ಒಳಗಿನ ಗುಂಡು ಉದುರುವಂತಿದೆಯೇ ನೋಡಿ, ಬಿಸಿನೀರಲ್ಲಿ ಕುದಿಸಿ ತನ್ನಿ. ಕುದಿಸದೆ ಕುದಿಸಿದೆ ಅನ್ನಬೇಡಿ. ಖಾಸಿಂ ಸಾಬರನ್ನು ಬೇರೆಯಾಗಿ ಕೇಳುತ್ತೇನೆ.

ನಿಮ್ಮ
ಗದ್ದೆಮ್ಮ